ಎಂಟು ಮೊಳದ ಅಡುಗೆಮನೆ

"ಕೇಳಿರಿ, ಹೊಂಗೆರೆಯ ಪ್ರಜೆಗಳೇ ಕೇಳಿರಿ! ರಾಜಕುಮಾರಿ ನಾಗಲಾದೇವಿಯವರ ಮೂರು ಒಗಟು ಬಿಡಿಸಿ, ಅವರ ಅಡುಗೆಮನೆಯನ್ನು ಸರಿಯಾಗಿ ಕಟ್ಟಿಕೊಡುವವನಿಗೆ ಮಹಾರಾಜ ಮಾರಭೂಪರು ಮಗಳನ್ನು ಧಾರೆಯೆರೆದು ಕೊಡುತ್ತಾರೆ. ಒಂದಕ್ಕೆ ತಪ್ಪು ಹೇಳಿದರೂ ತಲೆ ತೆಗೆಸುತ್ತಾರೆ!"

ಡಂಗುರದ ಕೂಗು ಕಿವಿಗೆ ಬಿದ್ದದ್ದೇ ನಾಗಲೆ ಸೌಟು ಹಿಡಿದುಕೊಂಡೇ ಅಪ್ಪನ ಬಳಿಗೆ ಓಡಿದಳು.

"ಅಪ್ಪಾಜಿ, ಒಗಟು ಕೇಳುತ್ತೇನೆ ಅಂದದ್ದು ನಾನು, ನಿಜ. ಈ ತಲೆ ತೆಗೆಸುವುದು, ಧಾರೆ ಎರೆಯುವುದು ಎಲ್ಲಿಂದ ಬಂತು?"

"ಎರಡು ವರ್ಷದಿಂದ ಹೊತ್ತಿಗೆ ಸರಿಯಾಗಿ ಊಟ ಕಂಡಿಲ್ಲ ಮಗಳೇ. ತಲೆ ಹೋಗುತ್ತದೆ ಅಂದರೆ ದಡ್ಡರು ಬರುವುದಿಲ್ಲ."

ನಾಗಲೆ ಹಣೆ ಚಚ್ಚಿಕೊಂಡಳು. ಎರಡು ವರ್ಷದ ಹಿಂದೆ ಅರಮನೆಯ ದೊಡ್ಡ ಪಾಕಶಾಲೆಯಲ್ಲಿ ಯಾರೋ ಅನ್ನಕ್ಕೆ ವಿಷ ಬೆರೆಸಿದ್ದರು. ಅಂದಿನಿಂದ ರಾಜ ಮಗಳ ಕೈಯಡುಗೆ ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ. ತನ್ನ ಮಲಗುವ ಕೋಣೆಯ ಪಕ್ಕದಲ್ಲಿದ್ದ ಎಂಟು ಮೊಳ ಉದ್ದ, ಐದು ಮೊಳ ಅಗಲದ ಕೋಣೆಯನ್ನು ಅಡುಗೆಗೆ ಬಿಟ್ಟುಕೊಟ್ಟಿದ್ದ. ಅದನ್ನು ಮೂರು ಸಲ ಕೆಡವಿ ಕಟ್ಟಿಸಿದ್ದಾಯಿತು. ಮೊದಲ ಸಲ ನೀರಿನ ಹಂಡೆ ಒಲೆಗೆ ಅಂಟಿಕೊಂಡು ನಿಂತು ದಿನಕ್ಕೆರಡು ಬಾರಿ ಬೆಂಕಿ ನಂದಿಸಿತು. ಎರಡನೇ ಸಲ ಹಂಡೆ ಅಂಗಳಕ್ಕೇ ಹೋಯಿತು. ಮೂರನೇ ಸಲ ಗೋಡೆಯ ತುಂಬ ಗೂಡು ಎಬ್ಬಿಸಿದರು. ತಿರುಗಲು ಜಾಗವಿಲ್ಲದೆ ಅವಳ ಸೆರಗಿಗೆ ಬೆಂಕಿ ಹತ್ತಿ ಮೊಣಕೈ ಸುಟ್ಟಿತು. ಆಮೇಲೆಯೇ ಅವಳು ಹಟ ಹಿಡಿದದ್ದು: ತನ್ನ ಮೂರು ಒಗಟು ಬಿಡಿಸದವನು ಆ ಗೋಡೆಗೆ ಕೈ ಹಚ್ಚಕೂಡದು.

ಸಾರಿದ ಮಾತನ್ನು ರಾಜ ಹಿಂತೆಗೆದುಕೊಳ್ಳಲಿಲ್ಲ. ಅವಳು ಅತ್ತು ಕರೆದು ಅಮಾವಾಸ್ಯೆಯವರೆಗೆ ಯಾರ ತಲೆಯನ್ನೂ ತೆಗೆಸದಂತೆ ಒಪ್ಪಿಸಿದಳು. ಅಷ್ಟರೊಳಗೆ ಒಬ್ಬನಾದರೂ ಗೆಲ್ಲದಿದ್ದರೆ ಸೋತವರೆಲ್ಲರ ತಲೆಯೂ ಹೋಗುವುದೇ.

ಮೊದಲು ಆಸ್ಥಾನದ ಜೋಯಿಸರು ಬಂದರು. ನಾಗಲೆ ಕೇಳಿದಳು: "ಒಂದೇ ಮನೆಯಲ್ಲಿ ಇಬ್ಬರು. ತೀರ ಹತ್ತಿರ ಬಂದರೆ ಅವರಲ್ಲೊಬ್ಬ ಸಾಯುತ್ತಾನೆ, ತೀರ ದೂರ ಹೋದರೆ ಮನೆಯ ಹೆಣ್ಣು ಸಾಯುತ್ತಾಳೆ. ಯಾರು?"

"ಅತ್ತೆ, ಸೊಸೆ!" ಅಂದರು ಜೋಯಿಸರು.

ಸಭೆಯೆಲ್ಲ ನಕ್ಕಿತು. ನಾಗಲೆ ನಗಲಿಲ್ಲ. ಭಟರು ಜೋಯಿಸರ ರಟ್ಟೆ ಹಿಡಿದಾಗಿತ್ತು.

ಆಮೇಲೆ ನೆರೆರಾಜ್ಯದ ಕುವರ ರಣಧವಳ ಬಂದ. ತನ್ನ ಮಂತ್ರಿ ಬರೆದುಕೊಟ್ಟಿದ್ದ ಉತ್ತರದಿಂದ ಮೊದಲನೆಯದನ್ನು ಹೇಗೋ ದಾಟಿದ. ಎರಡನೆಯದು ಹೀಗಿತ್ತು: "ಎಷ್ಟಿದ್ದರೂ ಸಾಲದು. ಏನನ್ನಾದರೂ ತಂದು ತುಂಬಿದರೆ ಅದೇ ಇಲ್ಲವಾಗುತ್ತದೆ. ಅದಿಲ್ಲದಿದ್ದರೆ ಉಳಿದದ್ದೆಲ್ಲ ಇದ್ದೂ ದಂಡ. ಏನದು?"

"ಬೊಕ್ಕಸ," ಅಂದ ಕುವರ.

"ತುಂಬಿದರೆ ಬೊಕ್ಕಸ ಹೇಗೆ ಇಲ್ಲವಾಗುತ್ತದೆ ಸ್ವಾಮಿ?" ಎಂದಳು ನಾಗಲೆ. "ಸ್ವಲ್ಪ ಯೋಚಿಸಿ ಹೇಳಬಾರದಿತ್ತೇ?"

ಅರಮನೆಯ ಶಿಲ್ಪಿ ಚಾವುಂಡಾಚಾರಿ ಮೊದಲೆರಡನ್ನೂ ಬಿಡಿಸಿದಾಗ ಅವಳಿಗೆ ಹೋದ ಜೀವ ಬಂದಂತಾಯಿತು. ಮೂರನೆಯದನ್ನು ಮೆಲ್ಲಗೆ, ಬಿಡಿಸಿ ಬಿಡಿಸಿ ಕೇಳಿದಳು: "ಪ್ರತಿ ಮನೆಯಲ್ಲೂ ಒಂದು ಅಳತೆಗೋಲಿದೆ. ಒಂದು ಮನೆಯದು ಇನ್ನೊಂದು ಮನೆಗೆ ಹೊಂದದು. ಅದನ್ನು ಕೇಳದೆ ಕಟ್ಟಿದ ಅಡುಗೆಮನೆ ನಿಲ್ಲದು. ಯಾವುದು?"

ಆಚಾರಿ ತನ್ನ ಬೆಳ್ಳಿಕಟ್ಟಿನ ಮೊಳಕೋಲನ್ನು ಮೇಲೆತ್ತಿ ತೋರಿಸಿದ.

"ಅಯ್ಯೋ, ನೀವೂನಾ!" ಎಂದು ನಾಗಲೆ ಮುಖ ಮುಚ್ಚಿಕೊಂಡಳು.

ಅಮಾವಾಸ್ಯೆಯ ದಿನದ ಹೊತ್ತಿಗೆ ಸೆರೆಮನೆಯಲ್ಲಿ ಹನ್ನೊಂದು ಜನರಿದ್ದರು. ಆ ಬೆಳಿಗ್ಗೆ ಮೊಣಕೈವರೆಗೆ ಕೆಸರಾಗಿದ್ದ ಯುವಕನೊಬ್ಬ ಸಭೆಗೆ ಬಂದ. ಹೆಸರು ಬೈಚ, ಮನೆಮನೆಗೆ ಹೋಗಿ ಮಣ್ಣಿನ ಒಲೆ ಹೂಡುವವನು.

"ನಿನಗೆ ತಲೆ ಬೇಡವೇನೋ?" ಎಂದ ರಾಜ.

"ಬೇಕು ಬುದ್ಧಿ. ಸೆರೆಮನೆ ಒಲೆ ಸರಿಮಾಡೋಕೆ ಬಂದಿದ್ದೆ. ಆಚಾರ್ರು ಮಗು ಥರ ಅಳ್ತಾ ಇದ್ರು. ನೋಡ್ಕೊಂಡು ಹೋಗೋಕೆ ಮನಸ್ಸು ಬರಲಿಲ್ಲ."

ನಾಗಲೆ ಬೇಸತ್ತ ದನಿಯಲ್ಲಿ ಮೂರನ್ನೂ ಒಟ್ಟಿಗೇ ಕೇಳಿಬಿಟ್ಟಳು. ಬೈಚ ಬೆರಳು ಮಡಚಿ ಎಣಿಸಿದ.

"ಮೊದಲನೇದು ಬೆಂಕಿ, ನೀರು ಅಮ್ಮಣ್ಣಿ. ಹಂಡೆ ಪಕ್ಕಕ್ಕೇ ಬಂದರೆ ಒಲೆ ಆರ್ತದೆ. ದೂರ ಇಟ್ಟರೆ ಹೊತ್ತು ಹೊತ್ತು ಹೆಣ್ಣುಮಗಳ ಸೊಂಟ ಬೀಳ್ತದೆ. ನಡುವೆ ಎರಡು ಹೆಜ್ಜೆ ಇರಬೇಕು. ಎರಡನೇದು ಬರೀ ಜಾಗ. ಕೈಯಲ್ಲಿ ಬಿಸಿ ಪಾತ್ರೆ ಹಿಡ್ಕೊಂಡು ಸುತ್ತ ತಿರುಗೋಕೆ ನೆಲ ಖಾಲಿ ಇರಬೇಕು. ಜನ ಅಲ್ಲೇ ಒಂದು ಮಡಕೆ ತಂದಿಡ್ತಾರೆ."

ಬೈಚ ಸೊಂಟದಿಂದ ಹುರಿಯೊಂದನ್ನು ತೆಗೆದ.

"ಅಮ್ಮಣ್ಣಿ, ಒಂದ್ಸಲ ಕೈ ಮೇಲಕ್ಕೆ ಚಾಚ್ತೀರಾ?"

ನಾಗಲೆ ತಬ್ಬಿಬ್ಬಾಗಿ ಕೈ ಮೇಲಕ್ಕೆ ಚಾಚಿದಳು. ಅವನು ಅವಳನ್ನು ಮುಟ್ಟದೆ, ನೆಲದಿಂದ ಬೆರಳ ತುದಿಯವರೆಗೆ ಹುರಿ ಹಿಡಿದು ಗಂಟು ಹಾಕಿದ. ನೆಲದಿಂದ ಮೊಣಕೈಗೆ ಇನ್ನೊಂದು ಗಂಟು.

"ಅಡುಗೆ ಮಾಡೋರ ಮೈಯೇ ಅಳತೆಗೋಲು. ಗೂಡು ಈ ಗಂಟಿಗಿಂತ ಎತ್ತರ ಹೋಗಬಾರದು, ಕಟ್ಟೆ ಈ ಇನ್ನೊಂದು ಗಂಟಿಗಿಂತ ಕೆಳಗಿರಬೇಕು. ಇದುವರೆಗೆ ಕಟ್ಟಿದೋರು ಯಾರೂ ತಮ್ಮನ್ನ ಕೇಳಲಿಲ್ವಾ?"

"ಇಲ್ಲ," ಅಂದಳು ನಾಗಲೆ. ಎರಡು ವರ್ಷದಲ್ಲಿ ಮೊದಲ ಸಲ ಅವಳ ದನಿಯಲ್ಲಿ ಕಿರಿಕಿರಿ ಇರಲಿಲ್ಲ. "ಒಬ್ಬರೂ ಕೇಳಲಿಲ್ಲ. ಮೂರೂ ಸರಿಯಾಗಿದೆ ಅಪ್ಪಾಜಿ."

ರಾಜ ಸಿಂಹಾಸನದಿಂದೆದ್ದ. "ಗೆದ್ದೆ ಕಣೋ! ಮಗಳನ್ನು ಕೊಟ್ಟೆ. ಇನ್ನೇನು ಬೇಕು ಕೇಳು."

"ಆ ಹನ್ನೊಂದು ಜನರನ್ನ ಬಿಟ್ಟುಬಿಡಿ ಬುದ್ಧಿ. ಮದುವೆ ಮಾತು ಅಮ್ಮಣ್ಣಿಯವರನ್ನ ಕೇಳ್ಬೇಕು, ನನ್ನನ್ನಲ್ಲ."

ಸಭೆಯ ಕಣ್ಣೆಲ್ಲ ತನ್ನತ್ತ ತಿರುಗಿದಾಗ ನಾಗಲೆ ಬೈಚನ ಕೆಸರುಗೈಯನ್ನು ನೋಡಿದಳು. "ನಿಮ್ಮ ಮನೆಯಲ್ಲಿ ಅಡುಗೆ ಯಾರು ಮಾಡುತ್ತಾರೆ?"

"ಅವ್ವ ಹೋದಮೇಲೆ ನಾನೇ ಅಮ್ಮಣ್ಣಿ."

"ಹಾಗಾದರೆ ಆ ಹುರಿಗೆ ನಿನ್ನ ಕೈಯ ಗಂಟನ್ನೂ ಹಾಕಿಕೋ."

ರಾಜನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅರ್ಥವಾದೊಡನೆ ಓಲಗದವರಿಗೆ ಹೇಳಿಕಳಿಸಿದ.

ಬಿಡುಗಡೆಯಾದ ಹನ್ನೊಂದು ಜನ ಒಂಬತ್ತು ದಿನ ಬೈಚನಿಗೆ ಮಣ್ಣು ತುಳಿದುಕೊಟ್ಟರು. ಕಾಲಿಗೆ ಬೊಬ್ಬೆ ಬಂದರೂ ಕುವರ ರಣಧವಳ ತುಳಿಯುವುದನ್ನು ನಿಲ್ಲಿಸಲಿಲ್ಲ. ಆಚಾರಿ ತಾನೇ ನಿಂತು ಹೊಗೆ ಹೋಗಲು ಕಿಟಕಿ ಕೊರೆದ. ಮದುವೆಯಾದ ಮರುದಿನ ನಾಗಲೆ ಸಾರಿಗೆ ಒಗ್ಗರಣೆ ಹಾಕಿದಳು, ಬೈಚ ಪಕ್ಕದಲ್ಲಿ ಮುದ್ದೆ ತಿರುವಿದ. ಒಬ್ಬರ ಮೊಣಕೈ ಇನ್ನೊಬ್ಬರಿಗೆ ತಗುಲಲಿಲ್ಲ.

ಘಮ ತಾಳಲಾರದೆ ರಾಜ ಒಳಗೆ ಕಾಲಿಟ್ಟ.

"ಅಪ್ಪಾಜಿ, ದಮ್ಮಯ್ಯ, ದಾರಿಗಡ್ಡ ನಿಲ್ಲಬೇಡಿ!" ಎಂದು ಇಬ್ಬರೂ ಒಟ್ಟಿಗೇ ಕೂಗಿದರು.

ಹೊಂಗೆರೆಯ ಮಹಾರಾಜ ಕಿರೀಟ ಸರಿಪಡಿಸಿಕೊಂಡು ಆಚೆ ಹೋಗಿ, ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ. ಅವನು ಎಲೆಗೆ ನೀರು ಚಿಮುಕಿಸುವಷ್ಟರಲ್ಲಿ ಮುದ್ದೆ ಬಂತು, ಹಬೆಯಾಡುತ್ತ.