ಏಣಿ ಇಡದ ಮನೆ

"ನಾನು ಹೇಳುವುದನ್ನು ನೀವು ನಂಬುವುದಿಲ್ಲ ಗುರುಗಳೇ. ನಂಬದಿದ್ದರೆ ನಮ್ಮೂರಿಗೆ ಯಾರನ್ನಾದರೂ ಕಳಿಸಿ, ಕೇಳಿಕೊಂಡು ಬರಲಿ. ಬುದ್ಧಿ ಬಂದಾಗಿನಿಂದ ನಾನು ಯಾರ ಕೈಯಿಂದಲೂ ಒಂದು ತಂಬಿಗೆ ನೀರು ಇಸಿದುಕೊಂಡು ಕುಡಿದವನಲ್ಲ. ಹತ್ತಾಳಿನ ಕೆಲಸ ಮಾಡಿದ್ದೇನೆ, ಒಬ್ಬಾಳಿನ ಹಂಗಿಗೂ ಬಿದ್ದಿಲ್ಲ. ನಿನ್ನೆ ಜ್ವರದಲ್ಲಿ ಮೈ ಸುಡುತ್ತಿದ್ದರೂ ನನ್ನ ಕೊಡ ನಾನೇ ಹೊತ್ತೆ. ಅದಕ್ಕೆ ನೀವು ಎಲ್ಲರೆದುರು ನನ್ನನ್ನು ಗದರಿದಿರಿ. ಕೊಡುವುದನ್ನು ಕಲಿತವನು ಇಸಿದುಕೊಳ್ಳುವುದನ್ನೂ ಕಲಿಯಬೇಕೇ? ಅದರಲ್ಲಿ ಏನಿದೆ ದೊಡ್ಡಸ್ತಿಕೆ?"

ಹೀಗೆ ಕೇಳಿದವನು ಭರಮ ಎಂಬ ಶಿಷ್ಯ. ಹಳ್ಳಿಯಲ್ಲಿ ಬೆಳೆದ ಹುಡುಗ, ತೋಳು ಗಟ್ಟಿ, ಮಾತು ಅದಕ್ಕಿಂತ ಗಟ್ಟಿ. ಜ್ವರ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಆದರೂ ನೆಟ್ಟಗೆ ನಿಂತೇ ಕೇಳಿದ.

ಗುರುಗಳು, "ನೀನು ಹಿಮ ಬೀಳುವುದನ್ನು ಕಂಡಿದ್ದೀಯಾ?" ಎಂದರು.

"ಕಂಡಿಲ್ಲ. ಬಿದ್ದರೆ ಎತ್ತಿ ಹಾಕಿದರಾಯಿತು."

ಉಳಿದ ಶಿಷ್ಯರು ನಕ್ಕರು. ಗುರುಗಳು ನಗಲಿಲ್ಲ. ಕತೆ ಹೇಳತೊಡಗಿದರು.

ಉತ್ತರದ ಪರ್ವತಗಳಲ್ಲಿ ಒಂದು ಕಣಿವೆ. ವರ್ಷಕ್ಕೆ ಐದು ತಿಂಗಳು ಅಲ್ಲಿ ಹಿಮ. ಬೀಳುವ ಹಿಮ ಒಂದೇ, ಅದರೊಡನೆ ಬಾಳುವ ರೀತಿ ಒಂದೊಂದು ಜನಕ್ಕೆ ಒಂದೊಂದು. ಕುರಿ ಕಾಯುವವರು ಗಾಳಿ ತಣ್ಣಗಾಗುತ್ತಲೇ ಮಂದೆ ಹೊಡೆದುಕೊಂಡು ಬಯಲಿಗೆ ಇಳಿದುಬಿಡುತ್ತಾರೆ. ಹಿಮ ಬಂದರೆ ಮನೆಯನ್ನೇ ಅದಕ್ಕೆ ಬಿಟ್ಟುಕೊಡು ಎಂಬುದು ಅವರ ಮಾತು. ಕಣಿವೆಯ ಕೆಳಗಿನ ಊರಿನವರು ಬಿಟ್ಟುಕೊಡುವವರಲ್ಲ. ಅಲ್ಲಿ ಹಿಮ ಮೊಣಕಾಲುದ್ದ, ಮನೆಗಳು ದೂರ ದೂರ. ತನ್ನ ಮನೆಯ ಹಿಮವನ್ನು ತಾನು ಎತ್ತಿ ಎಸೆದು ಬಾಗಿಲು ಹಾಕಿಕೊಂಡರೆ ಅವರ ಚಳಿಗಾಲ ಕಳೆಯಿತು.

ಮೇಲಿನ ಊರಿನಲ್ಲಿ ಹಿಮ ಆಳುದ್ದ. ಮನೆಗಳೆಲ್ಲ ಒಂದಕ್ಕೊಂದು ಒತ್ತಿಕೊಂಡು ನಿಂತ ಮಣ್ಣಿನ ಮಾಳಿಗೆಯವು. ಒಂದು ದಿನ ಹಿಮ ತೆಗೆಯದೆ ಬಿಟ್ಟರೆ ತೊಲೆ ಕಿರುಗುಟ್ಟುತ್ತದೆ, ನಾಲ್ಕು ದಿನ ಬಿಟ್ಟರೆ ಮುರಿಯುತ್ತದೆ. ಆ ಊರಿನಲ್ಲಿ ಯಾರೂ ತನ್ನ ಮಾಳಿಗೆಯ ಹಿಮವನ್ನು ತಾನು ತೆಗೆಯುವಂತಿಲ್ಲ. ನನ್ನ ಮನೆ ಎಂದರೆ ಸೋಮಾರಿತನ ನಾಳೆಗೆ ಹಾಕುತ್ತದೆ, ಇನ್ನೊಬ್ಬರ ಮನೆ ಎಂದರೆ ಮಾನ ಎಬ್ಬಿಸಿ ಕಳಿಸುತ್ತದೆ ಎಂದು ಅವರ ಹಿರಿಯರು ಕಂಡುಕೊಂಡಿದ್ದರು. ಮೊದಲ ಹಿಮಕ್ಕೆ ಮುಂಚೆ ಊರ ಯಜಮಾನ ಮನೆಗಳನ್ನು ಜೋಡಿ ಮಾಡುತ್ತಾನೆ. ಇವರ ಮಾಳಿಗೆಗೆ ಅವರು, ಅವರ ಮಾಳಿಗೆಗೆ ಇವರು. ಹಿಮ ನಿಂತ ಬೆಳಿಗ್ಗೆ ಮನೆಯವರು ತಮ್ಮ ಗೋಡೆಗೆ ಏಣಿ ಇಡುತ್ತಾರೆ. ಏಣಿ ಇಟ್ಟರೆ ಬಾ ಎಂದು ಕರೆದ ಹಾಗೆ. ಇಡದ ಮನೆಯ ಮಾಳಿಗೆ ಹತ್ತುವವನು ಆ ಊರಿನ ಕಣ್ಣಿಗೆ ಕಳ್ಳ. ಕೆಲಸ ಮುಗಿಸಿ ಇಳಿದವರಿಗೆ ಮನೆಯವರು ಒಂದು ಬಟ್ಟಲು ಬಿಸಿ ಗಂಜಿ ಕೊಡುತ್ತಾರೆ.

ಕೆಳಗಿನ ಊರಿನ ಒಬ್ಬ ಯುವಕ ಮೇಲಿನ ಊರಿನ ಹೆಣ್ಣನ್ನು ಮದುವೆಯಾಗಿ ಮನೆ ಅಳಿಯನಾಗಿ ಬಂದ. ಹೆಣ್ಣಿಗೆ ತಂದೆ ತಾಯಿ ಇರಲಿಲ್ಲ, ಮನೆ ಇತ್ತು. ಅಳಿಯ ಗಟ್ಟಿಗ. ಅನ್ನ ಬೇಯುವಷ್ಟು ಹೊತ್ತಿಗೆ ಒಂದು ಮಾಳಿಗೆ ಬರಿದು ಮಾಡುತ್ತೇನೆ ಎನ್ನುತ್ತಿದ್ದ, ಮಾಡಿಯೂ ತೋರಿಸುತ್ತಿದ್ದ. ಅವನಿಗಿದ್ದ ಆಸೆ ಒಂದೇ. ಈ ಊರು ತನ್ನನ್ನು ಹೊರಗಿನವನು ಎನ್ನಬಾರದು, ನಮ್ಮವನು ಎನ್ನಬೇಕು.

ಯಜಮಾನ ಅವನ ಮನೆಯನ್ನು ಪಕ್ಕದ ಮುದುಕಿಯ ಮನೆಗೆ ಜೋಡಿ ಮಾಡಿದ. ಮುದುಕಿ ಒಂಟಿ, ಕಂಬಳಿ ನೇಯ್ದು ಬಾಳುವವಳು. ಹಿಂದಿನ ಕೋಣೆಯಲ್ಲಿ ಎರಡು ಆಡು ಕಟ್ಟಿಕೊಂಡಿದ್ದಳು. ಎಪ್ಪತ್ತು ದಾಟಿದ್ದರೂ ಯಾವ ವರ್ಷವೂ ತನ್ನ ಪಾಲಿನ ಮಾಳಿಗೆಯನ್ನು ತಪ್ಪಿಸಿದವಳಲ್ಲ. ಮಧ್ಯಾಹ್ನದವರೆಗೆ ತೆಗೆಯುತ್ತಿದ್ದಳು, ತೆಗೆದು ಮುಗಿಸುತ್ತಿದ್ದಳು.

ಮೊದಲ ಹಿಮ ಬಿತ್ತು. ಅಳಿಯ ನಸುಕಿನಲ್ಲೇ ಎದ್ದ. ಏಣಿಯನ್ನೂ ಇಡದೆ ಗೋಡೆ ಹಿಡಿದು ಹತ್ತಿ ತನ್ನ ಮಾಳಿಗೆಯನ್ನು ತಾನೇ ಬರಿದು ಮಾಡಿದ. ಆಮೇಲೆ ಮುದುಕಿಯದನ್ನು ತೆಗೆದ. ಅವಳು ಮರದ ಸಲಿಕೆ ಹಿಡಿದು ಅವನ ಮನೆಗೆ ಬಂದಾಗ ಅಲ್ಲಿ ತೆಗೆಯಲು ಏನೂ ಇರಲಿಲ್ಲ.

"ಏನಪ್ಪಾ ಅಳಿಯ, ನನ್ನ ಕೆಲಸ ಕದ್ದೆಯಲ್ಲ" ಎಂದಳು.

"ನೀವು ಒಲೆ ಮುಂದೆ ಬೆಚ್ಚಗೆ ಕೂತಿರಿ ಅಜ್ಜಿ. ನನ್ನ ಮನೆಯ ಹಿಮಕ್ಕೆ ನನ್ನ ತೋಳು ಸಾಕು."

"ನಿನ್ನ ತೋಳು ಸಾಕು, ಸರಿ. ನಿನ್ನ ಗಂಜಿ ನಾನು ಹೇಗೆ ಕುಡಿಯಲಿ?"

"ಗಂಜಿಗೇನು ಬರ ಅಜ್ಜಿ? ಕೂತು ಕುಡಿಯಿರಿ."

ಮುದುಕಿ ಕುಡಿಯಲಿಲ್ಲ. ಸಲಿಕೆಯನ್ನು ಹೆಗಲಿಗೇರಿಸಿಕೊಂಡು ಹೋದಳು. ಎರಡನೆಯ ಹಿಮಕ್ಕೂ ಹಾಗೇ ಆಯಿತು, ಮೂರನೆಯದಕ್ಕೂ ಹಾಗೇ. ಅಳಿಯ ತನ್ನ ಪಾಲಿಗೆ ಬಾರದ ಮೂರು ನಾಲ್ಕು ಮನೆಗಳ ಹಿಮವನ್ನೂ ಎತ್ತಿ ಹಾಕಿದ. ಹೆಂಗಸರು, "ನಮ್ಮ ಅಳಿಯಂದಿರನ್ನು ಕಂಡರೆ ಹಿಮ ಆಕಾಶದಲ್ಲೇ ನಿಲ್ಲುತ್ತದಂತೆ" ಎಂದು ನಕ್ಕರು. ಅದು ಹೊಗಳಿಕೆ ಎಂದುಕೊಂಡು ಅವನು ಹಿಗ್ಗಿದ. ಮುದುಕಿಗೆ ಉಪಕಾರ ಮಾಡಿದ್ದೇನೆ ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಸಂದೇಹವಿರಲಿಲ್ಲ.

ನಾಲ್ಕನೆಯ ಹಿಮ ನಿಂತ ಬೆಳಿಗ್ಗೆ ಮುದುಕಿಯ ಗೋಡೆಗೆ ಏಣಿ ಇರಲಿಲ್ಲ. ಅಳಿಯ ಬಾಗಿಲು ತಟ್ಟಿದ.

ಒಳಗಿನಿಂದಲೇ ಮುದುಕಿ ಹೇಳಿದಳು: "ಈ ವರ್ಷ ನನ್ನ ಕಾಲು ಯಾರ ಮಾಳಿಗೆಯನ್ನೂ ಹತ್ತಿಲ್ಲ. ಯಾರ ಕಾಲೂ ನನ್ನದನ್ನು ಹತ್ತುವುದು ಬೇಡ. ನಾನು ಈ ಊರಿನಲ್ಲಿ ಬಾಳಿದವಳು, ಬೇಡಿದವಳಲ್ಲ."

ಮುದುಕಿಗೆ ಹಠ, ಎರಡು ದಿನಕ್ಕೆ ಇಳಿಯುತ್ತದೆ ಎಂದುಕೊಂಡ ಅಳಿಯ. ಆ ಮಾತನ್ನು ಯಜಮಾನನಿಗೆ ಮುಟ್ಟಿಸಲಿಲ್ಲ. ಮುಟ್ಟಿಸಿದರೆ, ಒಬ್ಬ ಮುದುಕಿಯನ್ನು ಸಂಭಾಳಿಸಲಾಗಲಿಲ್ಲವೇ ಎಂದು ಯಾರಾದರೂ ಕೇಳಿಯಾರು ಎಂಬ ಅಳುಕು. ಅಂದೇ ಮಧ್ಯಾಹ್ನ ಮತ್ತೆ ಹಿಮ ಹಿಡಿಯಿತು. ಈ ಸಲ ಐದು ದಿನ ಬಿಡಲಿಲ್ಲ. ಕೈಯಳತೆಯ ದೂರ ಕಾಣದಂಥ ಹಿಮ. ಆ ಐದು ದಿನದ ನಡುವೆಯೇ ಅಳಿಯನ ಹೆಂಡತಿ ಗಂಡು ಮಗುವನ್ನು ಹೆತ್ತಳು. ಬಿಡುವು ಸಿಕ್ಕಾಗಲೆಲ್ಲ ಜನ ತಮ್ಮ ಪಾಲಿನ ಮಾಳಿಗೆಗೆ ಓಡಿದರು. ಮುದುಕಿಯ ಮಾಳಿಗೆಗೆ ಅಳಿಯನಿದ್ದಾನೆ, ಅವನಂಥ ಆಳು ಇರುವಾಗ ಏನು ಯೋಚನೆ ಎಂದು ಯಾರೂ ಆ ಕಡೆ ನೋಡಲಿಲ್ಲ.

ಐದನೆಯ ದಿನ ಅವಳ ಮನೆಯ ಹಿಂಭಾಗದ ತೊಲೆ ಮುರಿಯಿತು. ಮಾಳಿಗೆ ಕುಸಿದ ಸದ್ದು ಹಿಮದಲ್ಲಿ ಹೂತು, ಪಕ್ಕದ ಮನೆಗೆ ಮಾತ್ರ ಕೇಳಿಸಿತು. ಅಳಿಯ ಬರಿಗೈಯಲ್ಲಿ ತೋಡಿದ. ಆಡುಗಳು ಸತ್ತಿದ್ದವು. ಮುದುಕಿ ಜೀವಂತವಾಗಿದ್ದಳು, ಬಲಗಾಲು ತೊಲೆಯ ಕೆಳಗಿತ್ತು.

ಮುಂಭಾಗದ ಕೋಣೆಗೆ ಕಂಬ ಕೊಟ್ಟು ಊರಿನವರು ಮುದುಕಿಯನ್ನು ಅಲ್ಲಿ ಮಲಗಿಸಿದರು. ಅವಳಿಗೆ ಕಾಲು ಊರಲು ತಿಂಗಳು ಹಿಡಿಯಿತು. ಅವಳು ಎದ್ದು ಓಡಾಡತೊಡಗಿದ ಮೇಲೆ ಅಳಿಯ ಯಜಮಾನನ ಮುಂದೆ ಬಂದು ನಿಂತ.

"ನನ್ನ ತಪ್ಪು. ನನಗೆ ಹತ್ತು ಮಾಳಿಗೆ ಕೊಡಿ, ಇಪ್ಪತ್ತು ಕೊಡಿ. ಸಾಯುವವರೆಗೆ ತೆಗೆಯುತ್ತೇನೆ."

ಯಜಮಾನ ಬೇಡವೆಂದು ತಲೆಯಾಡಿಸಿದ. "ಅದು ನಿನಗೆ ಬರುವ ವಿದ್ಯೆ. ಅದನ್ನು ಮತ್ತೆ ಮಾಡಿಸಿ ಏನು ಪ್ರಯೋಜನ? ಇನ್ನು ಮುಂದೆ ಯಾರ ಮಾಳಿಗೆಯನ್ನೂ ಹತ್ತಬೇಡ, ನಿನ್ನದನ್ನಂತೂ ಮುಟ್ಟಲೇಬೇಡ. ಅದು ಅವಳ ಪಾಲಿನದು. ಈಗ ಅವಳಿಗೆ ಕಾಲು ಬಂದಿದೆ. ಅವಳು ಬಂದಾಗ ತೆಗೆಯುತ್ತಾಳೆ."

"ಬಾರದಿದ್ದರೆ?"

"ಏಣಿ ಇಟ್ಟು ಕಾಯಿ."

ಮತ್ತೆ ಹಿಮ ಬಿತ್ತು. ಒಂದು ರಾತ್ರಿ, ಒಂದು ಹಗಲು, ಇನ್ನೊಂದು ರಾತ್ರಿ. ಬೆಳಿಗ್ಗೆ ಹಿಮ ನಿಂತಾಗ ಅಳಿಯ ಏಣಿ ತಂದು ತನ್ನ ಗೋಡೆಗೆ ಇಟ್ಟ. ಜನ್ಮದಲ್ಲಿ ಮೊದಲ ಸಲ ಇಟ್ಟ. ಹಗುರ ಏಣಿ, ಆದರೂ ಅದನ್ನು ಹೊತ್ತು ತರುವಾಗ ಅವನಿಗೆ ಅಂಗಳ ದಾಟುವುದೇ ಕಷ್ಟವಾಯಿತು. ಊರೆಲ್ಲ ಏಣಿಗಳ ಮೇಲೆ ಜನ ಹತ್ತುತ್ತಿದ್ದರು. ಅವನ ಏಣಿಯ ಬಳಿ ಯಾರೂ ಬರಲಿಲ್ಲ. ಒಳಗೆ ತೊಲೆ ಕಿರುಗುಟ್ಟಿತು. ತೊಲೆಯ ಕೆಳಗೆ ಮಗು ಮಲಗಿತ್ತು. ಅವನ ಕೈ ಸಲಿಕೆಯತ್ತ ಹೋಯಿತು. ಬಾಗಿಲಲ್ಲಿ ಬಾಣಂತಿ ನಿಂತಿದ್ದಳು.

"ಇನ್ನೊಂದು ಸಲ ಅಜ್ಜಿಯ ಪಾಲನ್ನು ಕಿತ್ತುಕೊಳ್ಳಬೇಡಿ" ಎಂದಳು. ಮಗುವನ್ನು ಎತ್ತಿಕೊಂಡು ಹೊರಗೆ ಹಿಮದಲ್ಲಿ ಬಂದು ನಿಂತಳು.

ಹೊತ್ತು ಮಾರುದ್ದ ಏರಿದ ಮೇಲೆ ಪಕ್ಕದ ಬಾಗಿಲು ತೆರೆಯಿತು. ಮುದುಕಿ ಹೆಗಲ ಮೇಲೆ ಸಲಿಕೆ ಹೊತ್ತು, ಕೋಲೂರಿಕೊಂಡು ಬಂದಳು. ಏಣಿಯನ್ನು ನೋಡಿದಳು, ಅಳಿಯನನ್ನು ನೋಡಿದಳು. ಕೋಲನ್ನು ಅವನ ಕೈಗೆ ಕೊಟ್ಟು ಮೇಲೆ ಹತ್ತಿದಳು. ಒಂದೊಂದು ಮೆಟ್ಟಿಲಿಗೂ ನಿಂತು ಉಸಿರು ತೆಗೆದುಕೊಂಡಳು. ಅವನು ಏಣಿಯ ಬುಡ ಹಿಡಿದುಕೊಂಡ. ಅವನ ಕೈಯಲ್ಲಾದರೆ ಅನ್ನ ಬೇಯುವಷ್ಟು ಹೊತ್ತಿನ ಕೆಲಸ. ಅವಳು ಮಧ್ಯಾಹ್ನದ ನೆರಳು ತಿರುಗುವವರೆಗೆ ಮಾಡಿದಳು. ಅಷ್ಟು ಹೊತ್ತೂ ಆ ಗಟ್ಟಿಗ ಬುಡ ಬಿಟ್ಟು ಕದಲಲಿಲ್ಲ. ಮೇಲೆ ಅವಳ ಹೆಜ್ಜೆ ನಿಂತಾಗಲೆಲ್ಲ ಅವನು ಕತ್ತೆತ್ತಿ ನೋಡಿದ. ಹಿಮದ ಹೆಂಟೆಗಳು ಅವನ ತಲೆಯ ಮೇಲೆ, ಹೆಗಲ ಮೇಲೆ ಬಿದ್ದವು. ಅವನು ಕೊಡವಿಕೊಳ್ಳಲಿಲ್ಲ.

ಅವಳು ಇಳಿದಳು. ಬಾಣಂತಿ ಗಂಜಿ ತಂದಳು. ಅಳಿಯ ಬಟ್ಟಲನ್ನು ಅವಳ ಕೈಯಿಂದ ತೆಗೆದುಕೊಂಡು ತಾನೇ ಮುದುಕಿಗೆ ಕೊಟ್ಟ. ಏನು ಹೇಳಬೇಕೆಂದು ತಿಳಿಯದೆ, "ಉಪ್ಪು ಸಾಕೇ ಅಜ್ಜಿ?" ಎಂದ.

"ಸ್ವಲ್ಪ ಕಡಿಮೆ" ಎಂದಳು ಮುದುಕಿ. ಕುಡಿದು ಮುಗಿಸಿದಳು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯರು ಕಾದರು. ಭರಮನಿಗೆ ತಡೆಯಲಾಗಲಿಲ್ಲ. ಯಾವಾಗ ಕೂತನೋ, ಅವನಿಗೇ ತಿಳಿಯದ ಹಾಗೆ ಅವನು ನೆಲದ ಮೇಲೆ ಕೂತಿದ್ದ.

"ಅಂಥ ಗಟ್ಟಿಗ, ಅಷ್ಟನ್ನು ಸಹಿಸಿದ. ಊರು ಅವನಿಗೆ ಕೊನೆಗೆ ಏನು ಕೊಟ್ಟಿತು ಗುರುಗಳೇ? ಹೊಲವೇ? ಹೆಸರೇ?"

"ಮರುದಿನ ಯಜಮಾನ ಅವನನ್ನು ಕರೆಸಿ, ಆ ಮುದುಕಿಯ ಮಾಳಿಗೆಯ ಹಿಮ ತೆಗೆಯಲು ಅಪ್ಪಣೆ ಕೊಟ್ಟ."