ಬಾಗಿಲ ಮುಂದಿನ ಬೆಂಚು

ಹಾಸಿಗೆ ಹಿಡಿದ ಅವ್ವನ ಆರೈಕೆ ಮಾಡುತ್ತ, ಶಾಲೆಯ ಮೆಟ್ಟಿಲು ಹತ್ತದೆ, ನೀಲವ್ವ ಮನೆಯಲ್ಲೇ ಓದಿ ಹತ್ತನೇ ಪರೀಕ್ಷೆ ಪಾಸಾದಳು. ಅವ್ವ ತೀರಿಕೊಂಡ ಮೇಲೆ ಕಾಲೇಜಿಗೆ ಸೀಟು ಕೇಳಲು ಬಂದಳು.

ವಾರ ಕಾಯಿಸಿ ಪ್ರಾಂಶುಪಾಲರು ಒಳಗೆ ಕರೆದರು. “ಮಾರ್ಕ್ಸ್ ಚಲೋ ಅದಾವ. ಆದ್ರ ನೀ ಒಂದು ದಿನಾನೂ ಶಾಲಿ ಬೆಂಚಿನ ಮ್ಯಾಲೆ ಕುಂತಿಲ್ಲ. ದಿನವಿಡೀ ಸುಮ್ಮನ ಕುಂದ್ರಾಕ ನಿನ್ನ ಕೈಲೆ ಆಗತೈತೇನು?”

“ವಾರದಿಂದ ನಿಮ್ಮ ಬಾಗಿಲ ಮುಂದಿನ ಬೆಂಚಿನ ಮ್ಯಾಲೆ ಅದನ್ನ ಮಾಡೀನ್ರಿ ಸರ್.”

ಪಕ್ಕದಲ್ಲಿ ಕೂತಿದ್ದ ಗುಮಾಸ್ತರು ಕಿಸಕ್ಕೆಂದರು. ಪ್ರಾಂಶುಪಾಲರ ಮುಖ ಕಪ್ಪಿಟ್ಟಿತು. ಸೀಟು ಸಿಗಲಿಲ್ಲ. ಸಂಜೆಯೊಳಗೆ ಆ ಬೆಂಚನ್ನೂ ಎತ್ತಿಸಿದರು.

ಮರುದಿನ ನೀಲವ್ವ ಅದೇ ಬಾಗಿಲ ಹೊರಗೆ, ಗೋಡೆಗೆ ಮುಖ ಮಾಡಿ ನಿಂತಿದ್ದಳು.

“ಇದೇನಿದು?” ಎಂದು ಪ್ರಾಂಶುಪಾಲರು ಗದರಿದರು.

“ಎದುರು ಮಾತಾಡಿದವರನ್ನ ಶಾಲ್ಯಾಗ ಹಿಂಗ ಹೊರಗ ನಿಲ್ಲಸ್ತಾರಂತಲ್ರಿ. ಅದನ್ನೂ ಕಲಿಯಾಕತ್ತೀನ್ರಿ ಸರ್.”