ಅಧ್ಯಕ್ಷರ ಫೋನು ಆಫ್ ಆದದ್ದು

ನಕ್ಷತ್ರ ಸೀನಿದ್ರೂ ಕೇಳಿಸ್ಕೊಳ್ಳೋ ದೊಡ್ಡ ರೇಡಿಯೊ ಟೆಲಿಸ್ಕೋಪಿನ ತಟ್ಟೆ ಕಣ್ರಪ್ಪಾ ಅದು! ಹತ್ರದಲ್ಲಿ ಒಂದು ಮೊಬೈಲ್ ಆನ್ ಇದ್ರೂ ಅದರ ಕಿವಿ ಕೆಡ್ತಿತ್ತು, ಗೇಟ್ ಕಾಯೋನ ನೌಕರಿ ಹೋಗ್ತಿತ್ತು.

ಒಂದಿನ ಸೊಸೈಟಿ ಅಧ್ಯಕ್ಷ ಚನ್ನವೀರಪ್ಪನೋರು ಹೆಂಡ್ತಿ ಸಮೇತ ಕಾರಲ್ಲಿ ಬಂದ್ರು.

"ಫೋನ್ ಆಫ್ ಮಾಡಿ ಬುದ್ಧಿ," ಅಂದ ಕಾವಲುಗಾರ.

"ಲೇ, ನಾನ್ಯಾರು ಗೊತ್ತೇನೋ? ಆಫ್ ಮಾಡಲ್ಲ, ಗೇಟ್ ತೆಗಿ!"

"ಆಗ್ಲಿ ಬುದ್ಧಿ. ಆದ್ರೆ ಆ ತಟ್ಟೆ ಐತಲ್ಲ, ಫೋನಲ್ಲಿ ನೀವಾಡಿದ ಹಳೇ ಮಾತನ್ನೂ ಎಳ್ಕೊಂಡು ಮೈಕಲ್ಲಿ ಕೂಗ್ಬಿಡುತ್ತೆ. ಹೋದ್ವಾರ ಒಬ್ಬ ಸಾಹೇಬ್ರ 'ಚಿನ್ನಾ, ಊಟ ಆಯ್ತಾ' ಮೂರೂರಿಗೆ ಕೇಳಿಸ್ತು."

ಅಧ್ಯಕ್ಷರು ಫೋನ್ ಆಫ್ ಮಾಡಿದ ರಭಸಕ್ಕೆ ಕಾರೇ ಎರಡಡಿ ಹಿಂದಕ್ಕೆ ಹೋಯ್ತು!

ಪಕ್ಕದಲ್ಲಿದ್ದ ಹೆಂಡ್ತಿ ಫೋನ್ ಕಿತ್ಕೊಂಡು ಇಳಿದ್ರು.

"ಏನಪ್ಪಾ, ಆ ಮೈಕು ಯಾವ ಕಡೆ ಐತೆ?"